ಎಲೆಯ ಕಿಂಡಿಯಲ್ಲಿ ಕೂತ ಹಾಡುಗಾರ

ಕಳೆದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಚಿತ್ರದುರ್ಗದಲ್ಲಿ, ಜೋಗಿಮಟ್ಟಿ ಕಡೆ ಹೋಗುವ ರಸ್ತೆಯ ಒಂದು ಶಾಲೆಯ ಅಂಗಳದಲ್ಲಿ ಆಡಿದ ಮಾತುಗಳಿವು. ಸಂಜೆ ಆರೂವರೆಗೆ ಶುರು ಮಾಡಿದ್ದೆವು. ಮಕ್ಕಳು, ಅವರ ಅಪ್ಪ ಅಮ್ಮಂದಿರು, ನಾಲ್ಕಾರು ಅಜ್ಜ ಅಜ್ಜಿಯರು ಚಾಪೆಯ ಮೇಲೆ ಕೂತಿದ್ದರು. ಬರಹಕ್ಕೆ ಇಳಿಸುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಮಾತು ಮುಗಿದ ಮೇಲೆ ನಡೆದದ್ದನ್ನು ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಬಂದಾಗ ಇಲ್ಲಿ ಇನ್ನೂ ಚಾಪೆ ಹಾಸುತ್ತಿದ್ದರು. ನನ್ನ ಕೈಯಲ್ಲಿ ಈ ಗಾಜಿನ ಡಬ್ಬಿ ಇತ್ತು. ಐದನೇ ಕ್ಲಾಸಿನ ಒಬ್ಬ ಹುಡುಗಿ ಬಗ್ಗಿ ನೋಡಿ ಕೇಳಿದಳು: 'ಸರ್, ರಾತ್ರಿ ಕೂಗೋದು ಇದೇನಾ? ಇಷ್ಟು ಚಿಕ್ಕದು ಅಷ್ಟು ಜೋರಾಗಿ ಹೆಂಗೆ ಕೂಗುತ್ತೆ?' ನಾನು ಬೇರೆ ಏನೋ ಹೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೆ. ಆ ಚೀಟಿಯನ್ನು ಜೇಬಿಗೆ ಹಾಕಿದ್ದೇನೆ. ಇವತ್ತು ಅವಳ ಪ್ರಶ್ನೆಗೇ ಉತ್ತರ ಹೇಳುತ್ತೇನೆ. ಅದಕ್ಕಿಂತ ಒಳ್ಳೆಯ ಪ್ರಶ್ನೆ ನನ್ನ ಹತ್ತಿರ ಇರಲಿಲ್ಲ.

ಮೊದಲು ಹೆಸರಿನ ವಿಷಯ. ಜೀರುಂಡೆ ಅಂತ ನಾವು ಮೂರು ಬೇರೆ ಬೇರೆ ಹುಳಗಳನ್ನು ಕರೆಯುತ್ತೇವೆ. ಸಗಣಿ ಉಂಡೆ ಉರುಳಿಸುವ ಗಟ್ಟಿ ಚಿಪ್ಪಿನ ಹುಳವೂ ಜೀರುಂಡೆ. ಬೇಸಿಗೆಯ ಮಧ್ಯಾಹ್ನ ಮರದಲ್ಲಿ ಕೂತು ಕಿವಿ ಗುಂಯ್‌ಗುಡುವ ಹಾಗೆ ಎಳೆಯುವುದೂ ಜೀರುಂಡೆ. ಅದನ್ನು ಸಿಕಾಡ ಅನ್ನುತ್ತಾರೆ. ಅದರ ಹೊಟ್ಟೆಯ ಪಕ್ಕದಲ್ಲಿ ಎರಡು ಚಿಕ್ಕ ತಮಟೆ ಇದ್ದ ಹಾಗೆ ಪೊರೆಗಳಿವೆ, ಅವನ್ನು ಒಳಗಿನಿಂದ ಎಳೆದು ಬಿಟ್ಟು ಸದ್ದು ಮಾಡುತ್ತದೆ. ಮೂರನೆಯದು ಕತ್ತಲಾದ ಮೇಲೆ ಹೊಲದ ಬದುವಿನಲ್ಲಿ, ಬಚ್ಚಲ ಮೂಲೆಯಲ್ಲಿ, ಗಿಡದ ಎಲೆಯ ಮೇಲೆ ಕೂತು ಕೂಗುವುದು. ಉದ್ದ ಮೀಸೆ, ಜಿಗಿಯುವ ಹಿಂಗಾಲು. ಇವತ್ತಿನ ಮಾತು ಈ ಮೂರನೆಯ ಜೀರುಂಡೆಯದ್ದು. 'ಕೂಗುತ್ತದೆ' ಅಂದೆ, ಆದರೆ ಇದು ಬಾಯಿಂದ ಕೂಗುವುದಿಲ್ಲ. ಇದಕ್ಕೆ ಗಂಟಲಿನ ದನಿ ಇಲ್ಲ. ಹಾಡುವುದೆಲ್ಲ ರೆಕ್ಕೆ.

ಯಾರ ಹತ್ತಿರವಾದರೂ ಬಾಚಣಿಗೆ ಇದೆಯಾ? ಕೊಡಿ. ಈಗ ಉಗುರನ್ನು ಬಾಚಣಿಗೆಯ ಹಲ್ಲುಗಳ ಮೇಲೆ ಎಳೆಯುತ್ತೇನೆ. ಕೇಳಿಸಿತಾ? ಹಿಂದೆ ಕೂತವರಿಗೆ ಕೇಳಿಸಿಲ್ಲ, ಅಲ್ವಾ? ಈಗ ಬಾಚಣಿಗೆಯ ಬೆನ್ನನ್ನು ಈ ಖಾಲಿ ಬಿಸ್ಕತ್ತಿನ ಡಬ್ಬಿಗೆ ಒತ್ತಿ ಹಿಡಿದು ಅದೇ ಉಗುರು ಎಳೆಯುತ್ತೇನೆ. ಈಗ ಎಲ್ಲರಿಗೂ ಕೇಳಿಸಿತು. ಉಗುರು ಅದೇ, ಹಲ್ಲು ಅದೇ. ಡಬ್ಬಿಯ ತಗಡು ಜೊತೆಗೆ ಅದುರಿತು, ಅಷ್ಟೇ.

ಗಂಡು ಜೀರುಂಡೆಯ ಮುಂದಿನ ರೆಕ್ಕೆಗಳಲ್ಲಿ ಈ ಮೂರೂ ಇವೆ. ಬಲ ರೆಕ್ಕೆ ಮೇಲೆ, ಎಡ ರೆಕ್ಕೆ ಕೆಳಗೆ. ಬಲ ರೆಕ್ಕೆಯ ಅಡಿಯಲ್ಲಿ ಒಂದು ನರ ದಪ್ಪಗಾಗಿ ಬಾಚಣಿಗೆಯಾಗಿದೆ. ಎಡ ರೆಕ್ಕೆಯ ಅಂಚು ಗಟ್ಟಿಯಾಗಿ ಉಗುರಾಗಿದೆ. ಇನ್ನು ರೆಕ್ಕೆಯ ನಡುವೆ ನರಗಳ ಚೌಕಟ್ಟಿನೊಳಗೆ ಬಿಗಿಯಾಗಿ ಹಬ್ಬಿದ ತೆಳುವಾದ ಜಾಗ ಇದೆ. ಅದೇ ಡಬ್ಬಿಯ ತಗಡು. ರೆಕ್ಕೆ ತೆರೆಯುವಾಗ ಸದ್ದಿಲ್ಲ. ಮುಚ್ಚುವಾಗ ಉಗುರು ಹಲ್ಲಿನಿಂದ ಹಲ್ಲಿಗೆ ಹಾರುತ್ತದೆ.

ನಮ್ಮ ಹೊಲಗಳಲ್ಲಿ ಒಂದು ಕಪ್ಪು ಜೀರುಂಡೆ ಇದೆ. ರೆಕ್ಕೆಯ ಬುಡದಲ್ಲಿ ಎರಡು ಹಳದಿ ಚುಕ್ಕೆ. ವಿಜ್ಞಾನದಲ್ಲಿ ಗ್ರಿಲ್ಲಸ್ ಬೈಮ್ಯಾಕುಲೇಟಸ್ ಅನ್ನುತ್ತಾರೆ, ಎರಡು ಚುಕ್ಕೆಯದು ಅಂತಲೇ ಅದರ ಅರ್ಥ. ಅದು ಒಂದು ಸಲ ರೆಕ್ಕೆ ಮುಚ್ಚುವುದಕ್ಕೆ ಹಿಡಿಯುವ ಹೊತ್ತು ಒಂದು ಸೆಕೆಂಡಿನ 50ನೇ ಒಂದು ಪಾಲು. ಅಷ್ಟರಲ್ಲಿ ಉಗುರು ಸುಮಾರು ನೂರು ಹಲ್ಲು ದಾಟಿರುತ್ತದೆ. ಹಾಗಾಗಿ ರೆಕ್ಕೆ ಸೆಕೆಂಡಿಗೆ ಹತ್ತಿರ ಹತ್ತಿರ 4,700 ಸಲ ಅದುರುವ ಲೆಕ್ಕದಲ್ಲಿ ಸದ್ದು ಹೊರಡುತ್ತದೆ. ಮೂರರಿಂದ ಐದು ಸಲ ಮುಚ್ಚಿದರೆ ನಮ್ಮ ಕಿವಿಗೆ ಒಂದು 'ಚಿರ್'. ಒಂದೊಂದು ಚಿರ್ ಒಳಗೆ ನಾಲ್ಕು ಚೂರು ಇವೆ ಅಂತ ನನಗೆ ಮೊದಲು ಗೊತ್ತಾದದ್ದು ರೆಕಾರ್ಡ್ ಮಾಡಿ ನಿಧಾನಕ್ಕೆ ಓಡಿಸಿದಾಗ. ಆ ರಾತ್ರಿ ಅದನ್ನೇ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಹೆಣ್ಣಿನ ರೆಕ್ಕೆಯಲ್ಲಿ ಇಂಥ ಬಾಚಣಿಗೆ ಇಲ್ಲ. ಅವಳು ಹಾಡುವುದಿಲ್ಲ, ಕೇಳುತ್ತಾಳೆ. ಕೇಳಿ ನಡೆದು ಬರುತ್ತಾಳೆ. ಅವಳು ಬರುವುದು ಸದ್ದಿಗಾಗಿಯೇ ಅಂತ ತೋರಿಸಿದವನು ಇವಾನ್ ರೇಗನ್ ಎಂಬ ಸ್ಲೊವೇನಿಯಾದ ವಿಜ್ಞಾನಿ. 1913ರಲ್ಲಿ ಅವನು ಗಂಡಿನ ಹಾಡನ್ನು ಟೆಲಿಫೋನ್ ತಂತಿಯಲ್ಲಿ ಕಳಿಸಿದ. ಇನ್ನೊಂದು ಕಡೆ ಫೋನಿನ ಕಿವಿಯ ತುದಿಯ ಹತ್ತಿರ ಹೆಣ್ಣನ್ನು ಬಿಟ್ಟಿದ್ದ. ಅಲ್ಲಿ ಗಂಡಿಲ್ಲ, ಗಂಡಿನ ವಾಸನೆಯೂ ಇಲ್ಲ. ಹೆಣ್ಣು ನೇರವಾಗಿ ಫೋನಿನ ಕಡೆ ನಡೆದು ಬಂತು. ನಮ್ಮ ಎಷ್ಟೋ ಹಳ್ಳಿಗಳಿಗೆ ಫೋನ್ ಬರುವುದಕ್ಕೆ ಎಷ್ಟು ವರ್ಷ ಮುಂಚಿನ ಮಾತು ನೋಡಿ.

ಈಗ ಆ ಹುಡುಗಿಯ ಪ್ರಶ್ನೆಯ ಗಟ್ಟಿ ಭಾಗಕ್ಕೆ ಬರೋಣ. ಇದಕ್ಕೆ ನನ್ನ ಬಾಲ್ಯದ ಒಂದು ಸಂಗತಿ ಹೇಳಬೇಕು.

ನಾನು ಬೆಳೆದದ್ದು ದಾವಣಗೆರೆಯಲ್ಲಿ. ನಮ್ಮ ಬೀದಿಯ ತುದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇತ್ತು. ಸ್ಕೂಲು ಬಿಟ್ಟ ಮೇಲೆ ಅಲ್ಲೇ ನಿಂತಿರುತ್ತಿದ್ದೆ. ರಿಪೇರಿ ಅಣ್ಣ ರೇಡಿಯೋ ಬಿಚ್ಚಿ ಸ್ಪೀಕರನ್ನು ಹೊರಗೆ ಎಳೆದು ಮೇಜಿನ ಮೇಲೆ ಇಡುತ್ತಿದ್ದರು. ಅದೇ ಸ್ಪೀಕರ್, ಅದೇ ಹಾಡು. ಆದರೆ ಹೊರಗೆ ಬಂದ ತಕ್ಷಣ ಸದ್ದು ಬಡಕಲಾಗುತ್ತಿತ್ತು. ಒಂದು ದಿನ ನಾನು ಕೇಳಿದೆ. ಅವರು ಮಾತಾಡಲಿಲ್ಲ. ಒಂದು ರಟ್ಟು ತೆಗೆದುಕೊಂಡು ನಡುವೆ ಸ್ಪೀಕರಿನ ಅಳತೆಗೆ ಗುಂಡಗೆ ತೂತು ಕೊರೆದರು. ಸ್ಪೀಕರನ್ನು ಆ ತೂತಿಗೆ ಒತ್ತಿ ಹಿಡಿದರು. ಸದ್ದು ತುಂಬಿಕೊಂಡು ಬಂತು. ವಾಲ್ಯೂಮ್ ಮುಟ್ಟಿರಲಿಲ್ಲ.

'ಮುಂದಿನ ಗಾಳಿ ಹಿಂದಕ್ಕೆ ಸೋರಬಾರದು ಕಣೋ' ಅಂದರು. ಅಷ್ಟೇ ಅವರ ಪಾಠ. ಆದರೆ ಇಡೀ ವಿಷಯ ಅದರಲ್ಲಿದೆ. ಸ್ಪೀಕರಿನ ಹಾಳೆ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ. ಅದೇ ಹೊತ್ತಿಗೆ ಹಿಂದೆ ಗಾಳಿ ಸಡಿಲವಾಗುತ್ತದೆ. ಅಡ್ಡ ಏನೂ ಇಲ್ಲದಿದ್ದರೆ ಒತ್ತಿದ ಗಾಳಿ ಅಂಚು ಬಳಸಿ ಸಡಿಲ ಜಾಗಕ್ಕೆ ಓಡುತ್ತದೆ. ಒಂದನ್ನೊಂದು ಕೊಂದು ಹಾಕುತ್ತವೆ. ದೂರಕ್ಕೆ ಹೋಗಬೇಕಾದ ಸದ್ದು ಅಲ್ಲೇ ಸತ್ತು ಹೋಗುತ್ತದೆ.

ಜೀರುಂಡೆಯ ಕಷ್ಟವೂ ಇದೇ. ಗಿಡದ ಮೇಲೆ ಬದುಕುವ ಒಂದು ಜೀರುಂಡೆ ಇದೆ. ಮೈ ತೆಳ್ಳಗೆ, ತಿಳಿ ಹಸಿರು, ರೆಕ್ಕೆ ಗಾಜಿನ ಹಾಗೆ. ಹೆಸರು ಈಕ್ಯಾಂತಸ್ ಹೆನ್ರಿ. ಅದರ ಹಾಡು ಸುಮಾರು 3,000 ಹರ್ಟ್ಸ್, ಅಂದರೆ ಸೆಕೆಂಡಿಗೆ ಮೂರು ಸಾವಿರ ಅದುರು. ಗಾಳಿಯಲ್ಲಿ ಆ ಸದ್ದಿನ ಒಂದು ಅಲೆಯ ಉದ್ದ ಹತ್ತಿರ ಹತ್ತಿರ 11 ಸೆಂಟಿಮೀಟರ್. ರೆಕ್ಕೆ ಎಷ್ಟಿದೆ? ಒಂದು ಸೆಂಟಿಮೀಟರಿನ ಆಸುಪಾಸು. ಅಲೆ ಅಷ್ಟು ಉದ್ದ, ರೆಕ್ಕೆ ಇಷ್ಟು ಗಿಡ್ಡ. ಹಾಗಾಗಿ ಗಾಳಿ ಸುಲಭವಾಗಿ ಅಂಚು ಬಳಸಿ ಹಿಂದಕ್ಕೆ ಸೋರಿ ಹೋಗುತ್ತದೆ. ಹುಳ ಪಡುವ ಪಾಡಿನಲ್ಲಿ ಬಹುಪಾಲು ದಂಡ.

ಆ ಹುಳ ಇದಕ್ಕೆ ಏನು ಮಾಡುತ್ತದೆ ಗೊತ್ತಾ? ಒಂದು ಎಲೆ ಆರಿಸಿಕೊಳ್ಳುತ್ತದೆ. ಎಲೆಯ ನಡುಭಾಗದಲ್ಲಿ ಬಾಯಿಂದ ಕಡಿದು ಕಡಿದು ತನ್ನ ರೆಕ್ಕೆಯ ಅಳತೆಗೆ ಒಂದು ಕಿಂಡಿ ಮಾಡುತ್ತದೆ. ಆ ಕಿಂಡಿಯಲ್ಲಿ ತಲೆ ತೂರಿಸಿ ನಿಲ್ಲುತ್ತದೆ. ರೆಕ್ಕೆ ಎತ್ತಿ ಎಲೆಯ ಮಟ್ಟಕ್ಕೆ ಸರಿಯಾಗಿ ಹರಡುತ್ತದೆ. ಈಗ ರೆಕ್ಕೆಯ ಸುತ್ತ ಎಲೆಯೇ ರಟ್ಟು. ಮುಂದಿನ ಗಾಳಿ ಹಿಂದಕ್ಕೆ ಸೋರುವುದಿಲ್ಲ. ಹಾಡು ಶುರು.

ಕಿಂಡಿಯ ಬೆಲೆ ಏನು ಅಂತ ದುರ್ಗದವರಿಗೆ ನಾನು ಹೇಳಬೇಕಾಗಿಲ್ಲ. ಒಂದು ಕಿಂಡಿ ಸರಿಯಾದ ಜಾಗದಲ್ಲಿ, ಸರಿಯಾದ ಅಳತೆಯಲ್ಲಿ ಇದ್ದರೆ ಒಂಟಿ ಜೀವಕ್ಕೂ ಎಷ್ಟು ಬಲ ಬರುತ್ತದೆ ಅಂತ ಓಬವ್ವನ ಕಿಂಡಿಯ ಮುಂದೆ ನಿಂತವರಿಗೆಲ್ಲ ಗೊತ್ತು.

ಎಲೆಗೆ ತೂತು ಮಾಡಿ ಹಾಡುವ ಈ ಅಭ್ಯಾಸವನ್ನು ವಿಜ್ಞಾನಿಗಳು ಮೊದಲು ಬರೆದದ್ದು 1975ರಲ್ಲಿ, ದಕ್ಷಿಣ ಆಫ್ರಿಕಾದ ಇನ್ನೊಂದು ಜಾತಿಯ ಗಿಡದ ಜೀರುಂಡೆಯಲ್ಲಿ. ನಮ್ಮ ಕರ್ನಾಟಕದ ಈ ಹುಳದ ಕಥೆ ಬಿಡಿಸಿಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ಜೊತೆಗಾರರು. ಅವರು ರಾತ್ರಿ ರಾತ್ರಿ ಕೂತು ನೋಡಿದ್ದು ಚಿಕ್ಕಬಳ್ಳಾಪುರ ಜಿಲ್ಲೆಯ ಉಲ್ಲೋಡು ಎಂಬ ಹಳ್ಳಿಯ ಹತ್ತಿರ. ದೊಡ್ಡ ಕಾಡಲ್ಲ, ಕುರುಚಲು. ಅಲ್ಲಿ ಹಿಪ್ಟಿಸ್ ಎಂಬ ಕಳೆ ಗಿಡ ಬೆಳೆದಿರುತ್ತದೆ. ತುಳಸಿಯ ನೆಂಟ, ಎಲೆ ಹಿಸುಕಿದರೆ ಘಾಟು ವಾಸನೆ, ಅಮೆರಿಕದ ಕಡೆಯಿಂದ ಬಂದದ್ದು. ನಾವು ಕಿತ್ತು ಎಸೆಯುವ ಗಿಡ. ಅದರ ಎಲೆಯಲ್ಲಿ ಇಷ್ಟೆಲ್ಲ ನಡೆಯುತ್ತದೆ.

2017ರಲ್ಲಿ ನತಾಶಾ ಮ್ಹಾತ್ರೆ ಮತ್ತು ಸಂಗಡಿಗರು ಇನ್ನೊಂದು ಸಂಗತಿ ತೋರಿಸಿದರು. ಚಿಕ್ಕ ಎಲೆ, ದೊಡ್ಡ ಎಲೆ ಎರಡನ್ನೂ ಕೊಟ್ಟರೆ ಹುಳ ದೊಡ್ಡದನ್ನೇ ಆರಿಸುತ್ತದೆ. ಕಿಂಡಿಯನ್ನು ಅಂಚಿಗೆ ಮಾಡದೆ ನಡುಭಾಗಕ್ಕೆ ಮಾಡುತ್ತದೆ. ಅಳತೆ ತನ್ನ ರೆಕ್ಕೆಗೆ ಹೊಂದುವ ಹಾಗೆ ಇರುತ್ತದೆ. ಲೆಕ್ಕ ಹಾಕಿದರೆ ಸದ್ದು ಜಾಸ್ತಿ ಆಗುವುದಕ್ಕೆ ಬೇಕಾದದ್ದೂ ಇದೇ ಮೂರು. ಹುಳ ಇದನ್ನು ಮಾಡಿ ಮಾಡಿ ಕಲಿಯುವುದಿಲ್ಲ, ಮೊದಲ ಸಲವೇ ಸರಿಯಾಗಿ ಮಾಡುತ್ತದೆ. ನಮ್ಮ ರಿಪೇರಿ ಅಣ್ಣನಿಗೆ ಎಷ್ಟು ರಟ್ಟು ಹಾಳು ಮಾಡಿದ ಮೇಲೆ ಅಂದಾಜು ಸಿಕ್ಕಿತ್ತೋ.

ಇದರಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇನ್ನೂ ಹೇಳಿಲ್ಲ. ಎಲ್ಲ ಗಂಡುಗಳೂ ಕಿಂಡಿ ಮಾಡುವುದಿಲ್ಲ. ಸುಮಾರು ಗಂಡುಗಳು ಸುಮ್ನೆ ಎಲೆಯ ಅಂಚಿನಲ್ಲಿ ಕೂತು ಹಾಡುತ್ತವೆ. ಹಾಗಾದರೆ ಮಾಡುವವರು ಯಾರು? ರಿತ್ತಿಕ್ ದೇಬ್, ಸಂಬಿತಾ ಮೋದಕ್ ಮತ್ತು ರೋಹಿಣಿ ಬಾಲಕೃಷ್ಣನ್ 2020ರಲ್ಲಿ ಇದಕ್ಕೆ ಉತ್ತರ ಬರೆದರು. ಹೆಣ್ಣುಗಳಿಗೆ ಜೋರು ದನಿ ಇಷ್ಟ. ಮೈ ಚಿಕ್ಕದಾದ, ದನಿ ಕಡಿಮೆಯಾದ ಗಂಡುಗಳ ಕಡೆ ಅವು ಅಷ್ಟಾಗಿ ಬರುವುದಿಲ್ಲ. ಕಿಂಡಿ ಕೊರೆಯುವವರಲ್ಲಿ ಇಂಥವರೇ ಹೆಚ್ಚು. ದೊಡ್ಡ ದನಿ ಇದ್ದವನಿಗೆ ಆ ಕೆಲಸದ ಅಗತ್ಯ ಕಡಿಮೆ. ಕಿಂಡಿಯಲ್ಲಿ ಕೂತ ಚಿಕ್ಕ ಗಂಡಿನ ಹಾಡು ದೊಡ್ಡ ಗಂಡಿನ ಹಾಡಿನ ಹಾಗೆ ಕೇಳಿಸುತ್ತದೆ, ಹೆಣ್ಣು ಬರುತ್ತಾಳೆ. ಹತ್ತಿರ ಬಂದ ಮೇಲೂ ತಿರುಗಿ ಹೋಗುವುದಿಲ್ಲ.

ಇದನ್ನು ಮೋಸ ಅನ್ನುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರಾತ್ರಿಯಿಡೀ ತನ್ನ ದನಿ ಯಾರಿಗೂ ಮುಟ್ಟದಿದ್ದಾಗ ಎಲೆ ಹುಡುಕಿ, ಕಡಿದು, ಹಾಡುವ ಹೊತ್ತನ್ನು ಅದಕ್ಕೆ ಕೊಟ್ಟು ಮತ್ತೆ ಹಾಡಲು ನಿಲ್ಲುತ್ತದಲ್ಲ, ಆ ಕೆಲಸಕ್ಕೆ ನಾನು ಮರ್ಯಾದೆ ಕೊಡುತ್ತೇನೆ.

ಎಲೆ ಒಂದು ದಾರಿ. ಮಣ್ಣು ಇನ್ನೊಂದು. ಹೊಲ ಉಳುವವರು ನೋಡಿರುತ್ತೀರಿ, ಮಣ್ಣಿನೊಳಗೆ ಇರುವ ಕಂದು ಜೀರುಂಡೆ, ಮುಂಗಾಲು ಸನಿಕೆಯ ಹಾಗೆ ಅಗಲ. ಇದು ಬಿಲ ತೋಡುವ ಜಾತಿ. ಹೆನ್ರಿ ಬೆನೆಟ್ ಕ್ಲಾರ್ಕ್ ಎಂಬವರು 1970ರಲ್ಲಿ ಯೂರೋಪಿನ ಅಂಥ ಒಂದು ಜಾತಿಯ ಬಿಲದ ಆಕಾರ ಅಳೆದರು. ಒಳಗೆ ಕಿರಿದು, ಹೊರಗೆ ಬರುತ್ತಾ ಅಗಲ. ಬಾಯಿ ಎರಡು. ಅಂದರೆ ನೆಲದೊಳಗೆ ಜೋಡಿ ಕಹಳೆ. ಹುಳ ಕಹಳೆಯ ಕಿರಿದಾದ ಜಾಗದಲ್ಲಿ ಕೂತು ಹಾಡುತ್ತದೆ. ಗಾಳಿ ಇಲ್ಲದ ರಾತ್ರಿ ಅದರ ಹಾಡು 600 ಮೀಟರ್ ದೂರಕ್ಕೆ ಕೇಳುತ್ತದೆ ಅಂತ ಅವರು ಬರೆದಿದ್ದಾರೆ. ಈ ಊರಿನ ಕಥೆಯಲ್ಲಿ ಓಬವ್ವನ ಗಂಡ ಕಹಳೆ ಮುದ್ದಹನುಮ. ಅವನ ಕೈಯ ಕಹಳೆ ಊದುವ ಕಡೆ ಸಣ್ಣ, ಬಾಯಿ ಅಗಲ. ಸಣ್ಣ ಜಾಗದ ಬಲವಾದ ಅದುರನ್ನು ಹೊರಗಿನ ದೊಡ್ಡ ಗಾಳಿಗೆ ಮೆಲ್ಲಗೆ ಒಪ್ಪಿಸುವುದಕ್ಕೆ ಆ ಆಕಾರ ಬೇಕು. ಕೋಟೆಯ ಮೇಲಿನವನಿಗೂ ಅದೇ, ನೆಲದ ಕೆಳಗಿನವನಿಗೂ ಅದೇ.

ಹಾಡುವುದಕ್ಕೆ ಮೈ ಚಿಕ್ಕದಾದರೆ ಕಷ್ಟ ಅಂದೆ. ಕೇಳುವುದಕ್ಕೂ ಕಷ್ಟವೇ. ಜೀರುಂಡೆಯ ಕಿವಿ ತಲೆಯಲ್ಲಿಲ್ಲ. ಮುಂಗಾಲಿನಲ್ಲಿ, ಮೊಣಕಾಲಿನ ಸ್ವಲ್ಪ ಕೆಳಗಿದೆ. ನಮಗೆ ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗುವುದು ಎರಡು ಕಿವಿಗಳ ನಡುವೆ ತಲೆ ಅಡ್ಡ ಇರುವುದರಿಂದ. ಒಂದು ಕಿವಿಗೆ ಮೊದಲು, ಜೋರಾಗಿ. ಇನ್ನೊಂದಕ್ಕೆ ಆಮೇಲೆ, ಕಡಿಮೆ. ಜೀರುಂಡೆಯ ಎರಡು ಕಿವಿಗಳ ನಡುವೆ ಇರುವುದು ಸೆಂಟಿಮೀಟರಿನ ಲೆಕ್ಕ. ಹೊರಗಿನಿಂದ ನೋಡಿದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸದ್ದು. ಅದಕ್ಕೆ ಮೈಯೊಳಗೆ ಒಂದು ಗಾಳಿ ಕೊಳವೆ ಇದೆ. ಒಂದು ಕಾಲಿನ ಕಿವಿಯಿಂದ ಎದೆಯ ಪಕ್ಕದ ಉಸಿರಿನ ರಂಧ್ರಕ್ಕೆ, ಅಲ್ಲಿಂದ ಆಚೆ ಬದಿಯ ಕೊಳವೆಗೆ ಸಂಬಂಧ. ಹಾಗಾಗಿ ಕಿವಿಯ ಪೊರೆಗೆ ಹೊರಗಿನಿಂದಲೂ ಸದ್ದು ಬಡಿಯುತ್ತದೆ, ಒಳಗಿನಿಂದಲೂ ಬಡಿಯುತ್ತದೆ. ಎರಡೂ ಸೇರಿದಾಗ ಪೊರೆ ಎಷ್ಟು ಅದುರುತ್ತದೆ ಅನ್ನುವುದು ಸದ್ದು ಬಂದ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಹೆಣ್ಣು ಕತ್ತಲಲ್ಲಿ, ಹುಲ್ಲಿನ ನಡುವೆ, ನೇರವಾಗಿ ಗಂಡಿನ ಹತ್ತಿರ ಬರುವುದು ಹೀಗೆ.

ಇಷ್ಟು ಜೋರಾಗಿ ಹಾಡುವ ಗಂಡಿಗೆ ತನ್ನ ಸದ್ದಿಗೆ ತನ್ನ ಕಿವಿಯೇ ಕಿವುಡಾಗಬೇಕಿತ್ತು. ಆಗುವುದಿಲ್ಲ. ಜೇಮ್ಸ್ ಪೌಲೆಟ್ ಮತ್ತು ಬರ್ಟೋಲ್ಡ್ ಹೆಡ್‌ವಿಗ್ ಇದನ್ನು 2002ರಲ್ಲಿ ತೋರಿಸಿದರು. ರೆಕ್ಕೆಗೆ 'ಹಾಡು' ಅನ್ನುವ ನರದ ಜಾಲವೇ ಕಿವಿಯ ನರಗಳಿಗೂ ಅದೇ ಕ್ಷಣದಲ್ಲಿ 'ಸ್ವಲ್ಪ ತಡೆ' ಅನ್ನುತ್ತದೆ. ಎರಡು ಚಿರ್‌ಗಳ ನಡುವಿನ ಬಿಡುವಿನಲ್ಲಿ ಕಿವಿ ಮತ್ತೆ ತೆರೆದಿರುತ್ತದೆ.

ಆ ಬಿಡುವು ಮುಖ್ಯ. ಯಾಕೆಂದರೆ ಹೆಣ್ಣು ಮಾತ್ರ ಕೇಳುತ್ತಿಲ್ಲ. ಬಾವಲಿ ಕೇಳುತ್ತಿರುತ್ತದೆ. ಹವಾಯಿಯ ಕವಾಯಿ ದ್ವೀಪದಲ್ಲಿ ಒಂದು ಜಾತಿಯ ನೊಣ ಹಾಡು ಹಿಡಿದು ಬಂದು ಜೀರುಂಡೆಯ ಮೇಲೆ ತನ್ನ ಮರಿಗಳನ್ನು ಬಿಡುತ್ತದೆ. ಅವು ಒಳಗೆ ಸೇರಿ ಅದನ್ನು ತಿನ್ನುತ್ತವೆ. ಮಾರ್ಲೀನ್ ಝುಕ್ ಎಂಬ ವಿಜ್ಞಾನಿ 2003ರಲ್ಲಿ ಅಲ್ಲಿಗೆ ಹೋದಾಗ ದ್ವೀಪ ಹೆಚ್ಚುಕಡಿಮೆ ಮೌನವಾಗಿತ್ತು. ಜೀರುಂಡೆ ಮುಗಿದೇ ಹೋದವು ಅಂದುಕೊಂಡರು. ಟಾರ್ಚ್ ಹಾಕಿದರೆ ಬೇಕಾದಷ್ಟಿದ್ದವು. ಬಹುಪಾಲು ಗಂಡುಗಳ ರೆಕ್ಕೆಯಲ್ಲಿ ಬಾಚಣಿಗೆಯೇ ಸರಿಯಾಗಿ ಇರಲಿಲ್ಲ. ಇಪ್ಪತ್ತು ತಲೆಮಾರಿನೊಳಗೆ ಆದ ಬದಲಾವಣೆ ಅದು. ಹಾಡಲಾರದ ಗಂಡುಗಳು ಹಾಡುವ ಕೆಲವೇ ಗಂಡುಗಳ ಸುತ್ತ ಸೇರಿ, ಬರುವ ಹೆಣ್ಣಿಗಾಗಿ ಕಾಯುತ್ತಿದ್ದವು. ನೀವು ಕತ್ತಲಲ್ಲಿ ಹತ್ತಿರ ಹೋದರೆ ಜೀರುಂಡೆ ಟಕ್ಕನೆ ನಿಲ್ಲಿಸುತ್ತದಲ್ಲ, ಅದರ ಹಿಂದೆ ಇಂಥ ಎಷ್ಟೋ ಸಾವಿನ ಲೆಕ್ಕ ಇದೆ.

ಚಳಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಮಕ್ಕಳಿಗೆ ಹಸಿವಾಗಿದೆ. ಹುಳದ ಮೈ ಬಿಸಿ ಹೊರಗಿನ ಗಾಳಿಯ ಹಾಗೆ ಇರುತ್ತದೆ. ಚಳಿ ಹೆಚ್ಚಾದರೆ ರೆಕ್ಕೆ ನಿಧಾನ, ಹಾಡೂ ನಿಧಾನ. ಅಮೆರಿಕದ ಏಮಸ್ ಡಾಲ್ಬಿಯರ್ 1897ರಲ್ಲಿ ಚಿರ್‌ಗಳನ್ನು ಎಣಿಸಿ ಹವೆಯ ಉಷ್ಣತೆ ಹೇಳುವ ಸೂತ್ರವನ್ನೇ ಬರೆದ. ನಿಮಿಷಕ್ಕೆ ಎಷ್ಟು ಚಿರ್ ಅಂತ ಎಣಿಸಿ, ಅದರಲ್ಲಿ 40 ಕಳೆದು, 4ರಿಂದ ಭಾಗಿಸಿ, 50 ಕೂಡಿಸಿದರೆ ಫ್ಯಾರನ್‌ಹೀಟ್ ಲೆಕ್ಕ. ಅದು ಅವರ ಹುಳಕ್ಕೆ ಹೊಂದುವ ಸೂತ್ರ, ನಮ್ಮದಕ್ಕೆ ಹಾಗೇ ಹಾಕಬೇಡಿ. ನಮ್ಮ ಹುಳಕ್ಕೆ ನೀವೇ ಬರೆಯಬಹುದು. ಒಂದು ಥರ್ಮಾಮೀಟರ್, ಒಂದು ಗಡಿಯಾರ, ಒಂದು ನೋಟ್‌ಬುಕ್ ಸಾಕು. ಶ್ರಾವಣದಿಂದ ಸಂಕ್ರಾಂತಿ ತನಕ ಒಂದೇ ಹುಳದ ಜಾತಿಯನ್ನು ಒಂದೇ ಜಾಗದಲ್ಲಿ ಎಣಿಸಿ. ಇನ್ನೊಂದು ಚೆಂದದ ಸಂಗತಿ: ಥಾಮಸ್ ವಾಕರ್ ಎಂಬವರು 1957ರಲ್ಲಿ ಗಿಡದ ಜೀರುಂಡೆಗಳಲ್ಲಿ ಕಂಡ ಹಾಗೆ, ಚಳಿಯಲ್ಲಿರುವ ಹೆಣ್ಣಿಗೆ ಚಳಿಯ ನಿಧಾನದ ಹಾಡೇ ಇಷ್ಟವಾಗುತ್ತದೆ. ಅವಳ ಕಿವಿಯೂ ಅದೇ ಚಳಿಯಲ್ಲಿರುತ್ತದೆ.

ನನ್ನ ಮಾತು ಇಷ್ಟೇ. ಈಗ ದೀಪ ಆರಿಸೋಣ.

ಅಲ್ಲಿಗೆ ಭಾಷಣ ಮುಗಿಯಿತು. ಅಂಗಳದ ಟ್ಯೂಬ್‌ಲೈಟ್ ಆರಿಸಿದರು. ಮಕ್ಕಳ ಗುಸುಗುಸು ನಿಲ್ಲುವುದಕ್ಕೆ ಎರಡು ನಿಮಿಷ ಬೇಕಾಯಿತು. ದೂರದ ಹೈವೇಯ ಲಾರಿಗಳ ಗುರ್ ಅಂತ ತಗ್ಗು ಸದ್ದು, ಅದರ ಮೇಲೆ ಎದ್ದು ಕಾಣುವ ಹಾಗೆ ಬೇಲಿಯ ಕಡೆಯಿಂದ ಒಂದು ಉದ್ದನೆಯ 'ಕ್ರೀ', ಗೋಡೆಯ ಬುಡದಿಂದ ಬಿಟ್ಟು ಬಿಟ್ಟು 'ಚಿರ್, ಚಿರ್'.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜ ಕೂತಿದ್ದರು. ಪ್ರಶ್ನೆ ಕೇಳಿದ್ದ ಹುಡುಗಿ ಅವರ ಮೊಮ್ಮಗಳಂತೆ. ಅಜ್ಜ ಮೆಲ್ಲಗೆ ಅಂದರು: 'ಈಗ ಮೊದಲಿನ ಹಂಗೆ ಕೂಗಲ್ಲ ಬಿಡಿ ಇವು.' ವಯಸ್ಸಾದಂತೆ ಕಿವಿಯಲ್ಲಿ ಮೊದಲು ಹೋಗುವುದು ಎತ್ತರದ ಸದ್ದುಗಳು. ಮಾತು ಕೇಳುತ್ತದೆ, ಬಸ್ಸಿನ ಹಾರನ್ ಕೇಳುತ್ತದೆ, ಜೀರುಂಡೆ ಹೊರಟು ಹೋಗಿರುತ್ತದೆ. ಅದನ್ನು ಹೇಗೆ ಹೇಳಲಿ ಅಂತ ನಾನು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಹುಡುಗಿ ಅಜ್ಜನ ಕೈ ಹಿಡಿದು ಅವರ ಕಿವಿಯ ಹಿಂದೆ ಬಟ್ಟಲಿನ ಹಾಗೆ ಮಡಚಿ ಇಟ್ಟಳು. ಅವರ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. 'ಎಲೆ ಇಟ್ಟಂಗೆ ಇಟ್ಕೋ ತಾತ' ಅಂದಳು.

ಅಜ್ಜ ಸುಮಾರು ಹೊತ್ತು ಹಾಗೇ ಕೂತಿದ್ದರು. ಆಮೇಲೆ ಇನ್ನೊಂದು ಕೈಯ ಬೆರಳು ಎತ್ತಿ ಎಣಿಸತೊಡಗಿದರು. ಒಂದು, ಎರಡು, ಮೂರು.